ಇನ್ನೊಂದು ವಾರ ನೋಡಿ

ಕಂಪ್ಯೂಟರ್ ಕಂಪನಿಯೊಂದರ ಸಹಾಯವಾಣಿಯಲ್ಲಿ ವನಮಾಲಾ ಒಬ್ಬಳೇ ಕೂರುತ್ತಿದ್ದಳು. ಪ್ರತಿ ಶುಕ್ರವಾರ ಪುಂಡಲೀಕರಾಯರೆಂಬ ಗ್ರಾಹಕರ ಫೋನ್ ಬರುತ್ತಿತ್ತು.

"ಮೇಡಂ, ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸ್ಲಾ?"

"ಅದ್ರಲ್ಲಿ ತೊಂದ್ರೆ ಜಾಸ್ತಿ ಸರ್. ಇನ್ನೊಂದು ವಾರ ನೋಡಿ."

ಆಮೇಲೆ ಮಾತು ಅವರ ಮಂಡಿನೋವಿಗೆ, ಅವಳ ಊಟಕ್ಕೆ ಹೊರಳುತ್ತಿತ್ತು. ಊಟವಾಯಿತೇ ಎಂದು ಅವಳನ್ನು ಕೇಳುವವರು ಬೇರೆ ಯಾರೂ ಇರಲಿಲ್ಲ.

ಹಳೆಯ ಸಿಸ್ಟಮ್ ಇನ್ನು ಸುರಕ್ಷಿತವಲ್ಲ ಎಂದು ಕಂಪನಿಯಿಂದ ಸೂಚನೆ ಬಂದಾಗ ಅವಳ ಮನಸ್ಸು ತಡೆಯಲಿಲ್ಲ.

"ಸರ್, ಇವತ್ತೇ ಹಾಕಿಸ್ಕೊಳ್ಳಿ. ತೊಂದ್ರೆ ಏನೂ ಇರ್ಲಿಲ್ಲ. ಹಾಕಿಸ್ಕೊಂಡ್ರೆ ನೀವು ಮತ್ತೆ ಫೋನ್ ಮಾಡಲ್ಲ ಅಂತ ಸುಳ್ಳು ಹೇಳ್ತಾ ಬಂದೆ."

ಆ ಕಡೆಯಿಂದ ರಾಯರು ಮೆಲ್ಲಗೆ ಹೇಳಿದರು:

"ಹೋದ ವರ್ಷವೇ ಹಾಕಿಸ್ಕೊಂಡೆ ಮೇಡಂ."