ಈಜು ಕಲಿಸುವ ದಿನ

ಮಳೆಗಾಲ ಮುಗಿದು ಹೊಳೆ ತಿಳಿಯಾಗಿತ್ತು. ದಡದಲ್ಲಿ ಹೆಂಗಸರು ನೆನೆಸಿದ ಪುಂಡಿಯ ನಾರು ಸುಲಿಯುತ್ತಿದ್ದರು. ಮುದುಕಿ ನೀಲಗಂಗವ್ವ ಹತ್ತು ವರ್ಷದ ಕಸ್ತೂರಿಗೆ ಈಜು ಕಲಿಸಲು ಮಡುವಿಗೆ ಇಳಿದಿದ್ದಳು.

ಆ ಸೀಮೆಯಲ್ಲಿ ವಿದ್ಯೆ, ಕಲಿತವರಿಗೆ ಬಂದ ಗಳಿಗೆಗೇ, ಕಲಿಸಿದವರನ್ನು ಬಿಟ್ಟುಹೋಗುತ್ತಿತ್ತು. ಓದು ಕಲಿಸಿದ ಮಾಸ್ತರರು ಪತ್ರ ಬಂದರೆ ಓದಿಸಿಕೊಳ್ಳಲು ಶಿಷ್ಯರ ಮನೆಗೆ ಹೋಗುತ್ತಿದ್ದರು. ಈಜು ಕಲಿಸಿದವರಿಗೆ ಅಷ್ಟು ಪುರುಸೊತ್ತು ಇರುತ್ತಿರಲಿಲ್ಲ. ಅವರನ್ನು ದಡ ಮುಟ್ಟಿಸುವುದೇ ಗುರುದಕ್ಷಿಣೆ.

“ನಾ ಮುಳುಗಿದ್ರ ಕೂದಲಾ ಹಿಡಿ,” ಎಂದಳು ಮುದುಕಿ. “ಕೈ ಕೊಟ್ಟೀ ಅಂದ್ರ ನಿನ್ನೂ ಎಳಕೊಂಡು ಹೋಗ್ತೀನಿ.”

“ಕೂದಲಾ ಎಲ್ಲಿ ಅದಾವ ಆಯಿ?”

“ಇದ್ದಷ್ಟು ಹಿಡಿ.”

ಹುಡುಗಿಯ ಹೊಟ್ಟೆಯಡಿ ಆಸರೆಯಾಗಿಟ್ಟಿದ್ದ ತನ್ನ ಅಂಗೈಯನ್ನು ಮುದುಕಿ ಸರಿಸಿದಳು. ಕಸ್ತೂರಿ ಎರಡು ಸಲ ನೀರು ಕುಡಿದಳು, ಮೂರನೆಯ ಸಲ ತೇಲಿದಳು. ತಿರುಗಿ ನೋಡಿದರೆ ಆಯಿ ಇರಲಿಲ್ಲ. ದಡದ ಮೇಲೆ ಎಲ್ಲರ ಕೈ ನಿಂತವು. ಅವರಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ.

ಹುಡುಗಿ ಮುಳುಗು ಹಾಕಿದಳು. ನೀರೊಳಗೆ ಮುದುಕಿಯ ಕೈ ಅವಳ ಕುತ್ತಿಗೆಗೆ ಸುತ್ತಿಕೊಂಡಿತು. ಅದನ್ನು ಕಚ್ಚಿ ಬಿಡಿಸಿಕೊಂಡು, ಇದ್ದಷ್ಟು ಕೂದಲು ಹಿಡಿದು, ಕಾಲು ಬಡಿಯುತ್ತ ಎಳೆದು ತಂದಳು.

ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಮ್ಮುತ್ತಿದ್ದ ನೀಲಗಂಗವ್ವ ಹುಡುಗಿಯ ರಟ್ಟೆ ಬಿಡಲಿಲ್ಲ.

“ದಕ್ಷಿಣಿ ಮುಟ್ಟಿತಲ್ಲ, ಬಿಡಬೇ ಪೋರೀನ,” ಅಂದರು ಹೆಂಗಸರು.

“ದಡ ಇನ್ನಾ ಬಂದಿಲ್ಲ,” ಎಂದಳು ಮುದುಕಿ.