ಅಮ್ಮನ ಕಿರುಬೆರಳು

ಹಚ್ಚದ ಊದುಬತ್ತಿಯ ವಾಸನೆ ಬಂದರೆ ಇಂದಿಗೂ ನನಗೆ ಆ ಮಧ್ಯಾಹ್ನದ ಜೊಂಪು ಹತ್ತುತ್ತದೆ.

ದೇವರಾಜ ಮೊಹಲ್ಲಾದ ಮನೆಯಲ್ಲಿ ಅಮ್ಮ ಊದುಬತ್ತಿ ಹೊಸೆಯುತ್ತಿದ್ದಳು. ಮಣಿಕಟ್ಟಿನಲ್ಲಿ ಎದ್ದ ಗಂಟೊಂದು ನರವನ್ನು ಒತ್ತಿ ಅವಳ ಕಿರುಬೆರಳು ಮರಗಟ್ಟಿತ್ತು. ಆಪರೇಷನ್ ಮಾಡಿ ಗಂಟು ತೆಗೆದ ಮೇಲೂ ಸ್ಪರ್ಶ ಮರಳಿರಲಿಲ್ಲ. "ಆ ಬೆರಳು ನಂದಲ್ಲ ಅನ್ಸುತ್ತೆ ಕಣೇ" ಎನ್ನುತ್ತಿದ್ದಳು.

ಅಂದು ಅಮ್ಮ ಕೆಲಸ ನಿಲ್ಲಿಸಿ ಗೋಡೆಗೆ ಒರಗಿದ್ದಳು. ನಾನು ಅವಳ ತೊಡೆಯ ಮೇಲೆ ಮಲಗಿ, ಊದುಬತ್ತಿಯ ಹಿಟ್ಟು ಮೆತ್ತಿದ್ದ ಆ ಬೆರಳನ್ನು ಅರೆನಿದ್ದೆಯಲ್ಲೇ ಸವರುತ್ತಿದ್ದೆ.

"ಬುಡೇ, ಕಚಗುಳಿ ಆಗುತ್ತೆ!" ಎಂದು ಅಮ್ಮ ಕೈ ಎಳೆದುಕೊಂಡಳು. ಮರುಕ್ಷಣ ತನ್ನ ಕೈಯನ್ನೇ ದಿಟ್ಟಿಸಿದಳು. ಮೆಲ್ಲಗೆ ಅದೇ ಬೆರಳನ್ನು ಚಾಚಿ, "ಇನ್ನೊಂದ್ಸಲ ಮುಟ್ಟು ಮಗಾ" ಎಂದಳು.

ಮುಟ್ಟಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಮಣೆಯ ಮೇಲೆ ಕಪ್ಪು ಹಿಟ್ಟು ಒಣಗುತ್ತಿತ್ತು. ನೀರು ಚಿಮುಕಿಸಲು ಅಮ್ಮ ಏಳಲೇ ಇಲ್ಲ.