ಸೂಜಿಮೊನೆಯಷ್ಟು

ಲಾರಿ ಕರಿ ಹೊಗೆ ಕಾರುತ್ತಿತ್ತು. ಡೀಸೆಲ್ ಪಂಪ್ ಮಿಸ್ತ್ರಿ ದಾವಲಸಾಬ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ತೊಳೆದು, ಟೆಸ್ಟ್ ಮಷಿನ್ನಿಗೆ ಕಟ್ಟಿ ಹಿಡಿಕೆ ಒತ್ತಿದ. ಡೀಸೆಲ್ ಮಂಜಿನಂತೆ ಹಾರಿತು. ಹದ ಸರಿಯಿದೆಯೇ ಎಂದು ನೋಡಲು, ಮೂವತ್ತು ವರ್ಷದ ರೂಢಿಯಂತೆ, ಬಲಗೈ ಬೆರಳನ್ನು ಅದಕ್ಕೆ ಅಡ್ಡ ಹಿಡಿದ. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಚುಕ್ಕೆ ಮೂಡಿತು. ರಕ್ತವೂ ಬರಲಿಲ್ಲ.

ಸಂಜೆ ಮಗಳು ಹಟ ಹಿಡಿದು ಆಸ್ಪತ್ರೆಗೆ ಕರೆತಂದಳು.

“ನೋಯ್ತದೇನು?” ಡಾಕ್ಟರು ಕೇಳಿದರು.

“ಇಲ್ರೀ. ಸ್ವಲ್ಪ ಜುಮ್ ಅಂತೈತಿ, ಅಷ್ಟ. ಒಂದು ಗುಳಿಗಿ ಕೊಡ್ರಿ, ನಾಳೆ ಲಾರಿ ಬಿಡಬೇಕು.”

“ಡೀಸೆಲ್ ಎಷ್ಟು ಜೋರು ಹೊಡೀತದ?”

“ಇನ್ನೂರು ಬಾರ್ ರೀ, ಲಾರಿ ಟಾಯರಿನ ಗಾಳಿಗಿಂತ ಇಪ್ಪತ್ತು ಪಟ್ಟು ಜೋರು!” ದಾವಲಸಾಬನ ಮುಖ ಅರಳಿತು. “ಅಷ್ಟು ಜೋರು ಹೊಡದ್ರನ ಸಣ್ಣಗ ಹನಿ ಒಡದು ಪೂರಾ ಉರೀತೈತಿ. ಹೊಗಿ ಬರಂಗಿಲ್ಲ.”

ಡಾಕ್ಟರು ಬೆರಳಿನಿಂದ ಮೊಣಕೈವರೆಗೆ ಒತ್ತಿ ಒತ್ತಿ ನೋಡಿದರು.

“ಆ ಜೋರಿಗೆ ಡೀಸೆಲ್ ಚರ್ಮ ತೂರಿ ಒಳಗ ಮುಂಗೈತನಕ ಹರಡೇದ, ದಾವಲಸಾಬರ.”

ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಮೇಜಿನ ಮೇಲೆ ಸರಿಸಿದರು.

“ಸಹಿ ಬಲಗೈಲೆ ಮಾಡ್ತೀರೇನು?”

“ಹೌದ್ರೀ.”

“ಹಂಗಾದ್ರ ಈಗ ಮಾಡಿಬಿಡ್ರಿ.”